ಬೋರ್ ನೀರಿನ ಹೊಸ ಮನೆಗೆ ಎಂಟು ಸೂತ್ರಗಳು

ಬೆಂಗಳೂರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಎಷ್ಟೋ ಮನೆಗಳಿಗೆ ಇನ್ನೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಹೊಸ ನಲ್ಲಿಗಳ ಮೇಲೆ ಕೆಲವೇ ತಿಂಗಳಲ್ಲಿ ಬಿಳಿ ಕಲೆ ಕೂರುತ್ತದೆ. ಇದಕ್ಕೆ ಮುಖ್ಯ ಪರಿಹಾರವೆಲ್ಲ ಗೃಹಪ್ರವೇಶಕ್ಕೆ ಮುಂಚೆಯೇ ಆಗಬೇಕು. ಟೈಲ್ಸ್ ಹಾಕಿದ ಮೇಲೆ ಗೋಡೆ ಒಡೆಸುವುದು ಯಾರಿಗೂ ಬೇಡ.

1. ಮೊದಲು ಪರೀಕ್ಷೆ, ಆಮೇಲೆ ಖರೀದಿ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣಗಳ ಅಂದಾಜು ಕೊಡುತ್ತದೆ, ಗಡಸುತನವನ್ನಲ್ಲ. ಅದಕ್ಕೆ ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು, ಇಲ್ಲವೇ ಲ್ಯಾಬ್ ವರದಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸರಿ; ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 600 ಇದ್ದರೆ, ದಿನಕ್ಕೆ 500 ಲೀಟರ್ ಬಳಸುವ ಮನೆಯೊಳಗೆ ದಿನವೂ 300 ಗ್ರಾಂ ಸುಣ್ಣದಂಶ ಬಂದಂತಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಫ್ಲೋರೈಡ್ ಪರೀಕ್ಷೆಯನ್ನೂ ತಪ್ಪದೆ ಮಾಡಿಸಿ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಮೆದುಗೊಳಿಸುವ ಸಾಫ್ಟ್‌ನರ್‌ನಿಂದಲೂ ಹೋಗುವುದಿಲ್ಲ.

2. ಎರಡು ಪೈಪ್‌ಲೈನ್ ಎಳೆಸಿ. ಎಂಟರಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಆರಿಸಿಕೊಳ್ಳಿ. ಫ್ಲಶ್, ಗಿಡ, ಕಾರು, ಅಂಗಳ ತೊಳೆಯಲು ಬೋರ್ ನೀರೇ ಸಾಕು. ಸ್ನಾನ, ಗೀಸರ್, ವಾಷಿಂಗ್ ಮಷಿನ್, ಅಡುಗೆಮನೆಯ ಸಿಂಕಿಗೆ ಮಾತ್ರ ಮೆದು ನೀರಿನ ಲೈನ್ ಕೊಡಿ. ಆಗ ಚಿಕ್ಕ ಸಾಫ್ಟ್‌ನರ್ ಸಾಕಾಗುತ್ತದೆ, ಉಪ್ಪಿನ ಖರ್ಚೂ ಇಳಿಯುತ್ತದೆ. ಸಾಫ್ಟ್‌ನರ್ ಈಗಲೇ ಕೊಳ್ಳಲು ಹಣವಿಲ್ಲವೆಂದರೂ ಲೈನ್ ಬೇರೆ ಮಾಡಿಸಿ. ತಾರಸಿಯ ಮೇಲೆ ಅದಕ್ಕೆ ಜಾಗ, ಒಂದು ಡ್ರೈನ್, ಒಂದು ಕರೆಂಟ್ ಪಾಯಿಂಟ್, ಒಂದು ಬೈಪಾಸ್ ವಾಲ್ವ್ ಬಿಡಿಸಿ. ಯಂತ್ರವನ್ನು ಎರಡು ವರ್ಷ ಬಿಟ್ಟು ತಂದರೂ ನಡೆಯುತ್ತದೆ.

3. ಸಾಫ್ಟ್‌ನರ್ ಏನು ಮಾಡುತ್ತದೆಂದು ತಿಳಿದು ಕೊಳ್ಳಿ. ಒಳಗಿರುವ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಉಪ್ಪು ನೀರಿನಿಂದ ತೊಳೆಯಬೇಕು. ಹೀಗಾಗಿ ಟಿಡಿಎಸ್ ಇಳಿಯುವುದಿಲ್ಲ; ಇಳಿಯುತ್ತದೆ ಎನ್ನುವ ಮಾರಾಟಗಾರನನ್ನು ನಂಬಬೇಡಿ. ಆ ನೀರನ್ನು ನೇರವಾಗಿ ಕುಡಿಯಬೇಡಿ, ಮುಖ್ಯವಾಗಿ ರಕ್ತದೊತ್ತಡ ಇರುವವರು. ಆರ್‌ಒ ಮೂಲಕ ಹಾಯಿಸಿದರೆ ಸೋಡಿಯಂ ಬಹುಪಾಲು ಹೋಗುತ್ತದೆ. ಮಣಿ ತೊಳೆದ ಉಪ್ಪು ನೀರು ತೋಟಕ್ಕಾಗಲಿ ಇಂಗುಗುಂಡಿಗಾಗಲಿ ಹೋಗಬಾರದು. ಪೈಪಿಗೆ ಕಟ್ಟುವ ಅಯಸ್ಕಾಂತದ ಸಾಧನಗಳು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ.

4. ಗೀಸರ್ ವರ್ಷಕ್ಕೊಮ್ಮೆ ಬಿಚ್ಚಿಸಿ. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು ಸುಣ್ಣ ಬೇರೆಯಾಗಿ ಕಾಯಿಲ್ ಮೇಲೆ ಕೂರುತ್ತದೆ. ಮೆಕ್ಯಾನಿಕ್ ಕಾಯಿಲ್ ಹೊರಗೆಳೆದಾಗ ನಿಂತು ನೋಡಿ: ಬೆರಳು ದಪ್ಪದ ಕೊಳವೆಯ ಸುತ್ತ ಬೂದುಬಿಳಿ ಹೊದಿಕೆ, ತಟ್ಟಿದರೆ ಚೂರು ಚೂರಾಗಿ ಉದುರುತ್ತದೆ, ಟ್ಯಾಂಕಿನ ತಳದಿಂದ ಹಿಡಿಗಟ್ಟಲೆ ಪುಡಿ ಬರುತ್ತದೆ. ಒಂದು ಚೂರಿನ ಮೇಲೆ ವಿನೆಗರ್ ಹಾಕಿ, ಬುಸುಬುಸು ನೊರೆಯೇಳುತ್ತದೆ. ಆ ಹೊದಿಕೆಯಿಂದಾಗಿ ನೀರು ಕಾಯುವುದು ತಡವಾಗುತ್ತದೆ, ಕಾಯಿಲ್ ತಾನೇ ಕಾದು ಸುಡುತ್ತದೆ. ಥರ್ಮೋಸ್ಟಾಟ್ 50ರಿಂದ 55 ಡಿಗ್ರಿಯಲ್ಲಿಡಿ; ಬಿಸಿ ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ ಸವೆದಿದ್ದರೆ ಅಂದೇ ಬದಲಿಸಿ.

5. ಸೋಲಾರ್ ಹಾಕಿಸುವವರು ನೀರಿನ ವರದಿ ತೋರಿಸಿ. ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟ್ ಮಾದರಿ ಗಡಸು ನೀರಿನಲ್ಲಿ ಕಟ್ಟಿಕೊಳ್ಳುತ್ತದೆ. ಅದೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ.

6. ಒರೆಸಿ. ಸ್ನಾನವಾದ ಮೇಲೆ ಗಾಜು, ನಲ್ಲಿ, ಟೈಲ್ಸ್‌ಗೆ ವೈಪರ್ ಅಥವಾ ಒಣ ಬಟ್ಟೆ. ಒರೆಸದೆ ಬಿಟ್ಟ ನೀರು ಆರಿದಾಗಲೇ ಕಲೆಯಾಗುವುದು.

7. ಆಸಿಡ್ ಬಾಟಲಿ ಮನೆಗೆ ತರಬೇಡಿ. ಅದು ಕಲೆಯ ಜೊತೆಗೆ ನಲ್ಲಿಯ ಕ್ರೋಮ್, ಟೈಲ್ಸ್ ಸಂದಿನ ಸಿಮೆಂಟ್ ಎರಡನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರಿನೊಂದಿಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು, ಶವರ್ ತಲೆಯನ್ನು ಬಿಚ್ಚಿ ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಾಕು. ಅಮೃತಶಿಲೆ, ಕಡಪ ಕಲ್ಲಿನ ಮೇಲೆ ನಿಂಬೆ, ವಿನೆಗರ್ ಕೂಡ ಬೇಡ. ಅವು ಸುಣ್ಣದ ಕಲ್ಲುಗಳೇ.

8. ಮಳೆ ನೀರು ಬಿಡಬೇಡಿ. ಪ್ರಕೃತಿ ಪುಕ್ಕಟೆ ಕೊಡುವ ಮೆದು ನೀರು ಇದೊಂದೇ. 1,000 ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ಆಗುತ್ತದೆ. ಬೆಂಗಳೂರಿನಲ್ಲಿ 30x40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ 2009ರ ಕಾನೂನು ತಿದ್ದುಪಡಿಯಿಂದ ಮಳೆಕೊಯ್ಲು ಕಡ್ಡಾಯ. ಕಾಟಾಚಾರಕ್ಕೆ ಒಂದು ಪೈಪು ನೆಟ್ಟು ಬಿಲ್ಲು ಮಾಡಿಸಿಕೊಳ್ಳುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಹೋಗುವ ವ್ಯವಸ್ಥೆ, ಒಂದು ಫಿಲ್ಟರ್, ಬೋರ್ ನೀರು ಬೆರೆಯದ ಬೇರೆ ಸಂಪು, ಇಷ್ಟಿದ್ದರೆ ಮಳೆಗಾಲದಲ್ಲಿ ಸ್ನಾನಕ್ಕೂ ಬಟ್ಟೆಗೂ ಇದೇ ನೀರು ಒದಗುತ್ತದೆ. ನಿಮ್ಮ ಮನೆಯ ತಾರಸಿಗೆ ಇನ್ನೂ ಇಳಿಜಾರು ಕೊಟ್ಟಿಲ್ಲವಾದರೆ ನಾಳೆಯೇ ಮೇಸ್ತ್ರಿಯ ಹತ್ತಿರ ಮಾತಾಡಿ.