ಲಘು ಸರಕು ವಾಹನಗಳ ತೂಕ ಮಿತಿ: ವರ್ತಕರ ಹೊಣೆ

ಚಿಕ್ಕೋಡಿ, ರಾಯಬಾಗಗಳ ಅರಿಶಿನ ಸಾಂಗ್ಲಿಗೂ, ನಿಪ್ಪಾಣಿಯ ಸರಕು ಕೊಗನೊಳ್ಳಿ ದಾಟಿ ಕೊಲ್ಹಾಪುರಕ್ಕೂ ಸಣ್ಣ ವಾಹನಗಳಲ್ಲಿ ಸಾಗುವುದುಂಟು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ 1988ರ ಮೋಟಾರು ವಾಹನ ಕಾಯ್ದೆಯ ಕಲಂ 66ರಂತೆ ಪರ್ಮಿಟ್ ಅಗತ್ಯವಿಲ್ಲ. ಪರ್ಮಿಟ್ ಬೇಡವೆಂದ ಮೇಲೆ ತೂಕದ ನಿರ್ಬಂಧವೂ ಇಲ್ಲವೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರುವಂತಿಲ್ಲವೆಂಬ ಕಲಂ 113 ಸಣ್ಣ ವಾಹನಕ್ಕೂ ಅನ್ವಯಿಸುತ್ತದೆ.

ಲೆಕ್ಕ ತಪ್ಪುವುದು ಹೀಗೆ. ನೋಂದಾಯಿತ ಒಟ್ಟು ತೂಕ 2,500 ಕಿಲೋ, ಖಾಲಿ ತೂಕ 1,450 ಕಿಲೋ ಇರುವ ವಾಹನದಲ್ಲಿ 1,050 ಕಿಲೋ, ಅಂದರೆ 50 ಕಿಲೋದ 21 ಚೀಲ ಹಿಡಿಯುತ್ತವೆಂದು ತೋರುತ್ತದೆ. ಆದರೆ ಖಾಲಿ ತೂಕದಲ್ಲಿ ಚಾಲಕನೂ ಸಹಾಯಕನೂ ಸೇರಿರುವುದಿಲ್ಲ. ಅವರಿಬ್ಬರಿಗೆ 150 ಕಿಲೋ ಹಿಡಿದರೆ ಉಳಿಯುವುದು 18 ಚೀಲ ಮಾತ್ರ.

ಆ ಮೂರು ಚೀಲಗಳ ಬೆಲೆ ದೊಡ್ಡದು. 2019ರ ತಿದ್ದುಪಡಿಯ ನಂತರ ಕಲಂ 194ರಂತೆ ಮೂಲ ದಂಡ 20,000 ರೂ.; ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಹಿಂದೆ ಇವು ಕ್ರಮವಾಗಿ 2,000 ಹಾಗೂ 1,000 ರೂ. ಇದ್ದವು. ಮೂಲ ದಂಡಕ್ಕೆ ವಾಹನದ ಗಾತ್ರದ ಭೇದವಿಲ್ಲದ ಕಾರಣ ಅಲ್ಪ ಬಾಡಿಗೆಯ ಸಣ್ಣ ವಾಹನಕ್ಕೇ ಪೆಟ್ಟು ಹೆಚ್ಚು. ಸ್ಥಳದಲ್ಲೇ ಇತ್ಯರ್ಥಪಡಿಸುವ ರಾಜಿ ದಂಡವನ್ನು ಆಯಾ ರಾಜ್ಯ ಸರ್ಕಾರ ಅಧಿಸೂಚನೆಯಿಂದ ನಿಗದಿಪಡಿಸುವುದರಿಂದ, ಗಡಿಯಾಚೆಯ ದರವನ್ನೂ ವಿಚಾರಿಸಿಟ್ಟುಕೊಳ್ಳುವುದು ಒಳಿತು.

ಅಧಿಕೃತ ಅಧಿಕಾರಿಯು ಮುಂದಿನ ಮಾರ್ಗದ ಯಾವುದೇ ಸ್ಥಳದಿಂದ 10 ಕಿ.ಮೀ. ಒಳಗಿನ ಅಥವಾ ತಲುಪಬೇಕಾದ ಊರಿನಿಂದ 20 ಕಿ.ಮೀ. ಒಳಗಿನ ಕಾಟಾಕ್ಕೆ ವಾಹನವನ್ನು ಒಯ್ಯುವಂತೆ ಸೂಚಿಸಬಹುದು. ತೂಗಿಸಲು ನಿರಾಕರಿಸಿದರೆ ದಂಡ 40,000 ರೂ. ಹೆಚ್ಚುವರಿ ಸರಕನ್ನು ಇಳಿಸುವ ಹಮಾಲಿಯೂ ಅದರ ಹಾನಿಯ ಹೊಣೆಯೂ ವಾಹನದವರದೇ. ಮಳೆಗಾಲದಲ್ಲಿ ರಸ್ತೆಬದಿಗೆ ಇಳಿಸಿದ ತಂಬಾಕಿನ ಗತಿಯನ್ನು ನಿಪ್ಪಾಣಿಯ ವರ್ತಕರಿಗೆ ಹೇಳಬೇಕಾಗಿಲ್ಲ.

ಚಾಲಕನ ಮೇಲೆ ಹೊಣೆ ಜಾರಿಸುವುದೂ ಸುಲಭವಲ್ಲ. ಮಾಲೀಕನ ಅರಿವಿನಿಂದಲೇ ಅಪರಾಧ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದು. ಓಡಿಸಿದವರಷ್ಟೇ ಅಲ್ಲ, ಓಡಿಸಲು ಕಾರಣರಾದವರೂ ಕಲಂ 194ರ ವ್ಯಾಪ್ತಿಗೆ ಬರುತ್ತಾರೆ. ಕಟ್ಟಿದ ದಂಡವನ್ನು ಸಾಗಾಣಿಕೆ ವೆಚ್ಚದಲ್ಲಿ ಬರೆದರೂ ಆದಾಯ ತೆರಿಗೆ ಲೆಕ್ಕದಲ್ಲಿ ಅದು ಕಳೆಯತಕ್ಕ ಖರ್ಚಾಗದು.

ಆದುದರಿಂದ ಸರಕು ಹೊರಡುವ ಮುನ್ನ ಖಾಲಿ ಹಾಗೂ ತುಂಬಿದ ತೂಕಗಳೆರಡರ ಕಾಟಾ ಚೀಟಿ ಪಡೆದು, ಪ್ರತಿಯನ್ನು ಬಿಲ್ಲಿನೊಡನೆ ಕಡತದಲ್ಲಿಡತಕ್ಕದ್ದು. ಕಾಟಾದ ವಾರ್ಷಿಕ ಪರಿಶೀಲನೆಯ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.