ಊರ ಬೆನ್ನಿಗೇ ಗುಡ್ಡ: ಯಾದಗಿರಿ, ಶಹಾಪುರ, ಸುರಪುರಕ್ಕೆ ಹೊರಡುವವರಿಗೆ

ಊರ ನಡುವಿನ ಹಳೆಯ ಕಾಡು ಎಂದರೆ ಬೆಂಗಳೂರಿನವರಿಗೆ ಕಬ್ಬನ್ ಪಾರ್ಕು ನೆನಪಾದೀತು. ಅಂಥ ನೆರಳು ಹುಡುಕಿಕೊಂಡು ಯಾದಗಿರಿ ಸುತ್ತಲಿನ ಸಗರನಾಡಿಗೆ ಬಂದರೆ ನಿರಾಸೆ ಖಂಡಿತ. ಇಲ್ಲಿ ಹಸಿರು ಇರುವುದು ಬಂಡೆಗಳ ಸಂದಿಯಲ್ಲಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಡ್ಡಕ್ಕೆ ಆತುಕೊಂಡು ಬೆಳೆದ ಊರುಗಳು. ಕಡೆಯ ಓಣಿಯ ಕಡೆಯ ಮನೆ ದಾಟಿದರೆ ಗುಡ್ಡ ಶುರು. ನೇಗಿಲಿಗೆ ಒಗ್ಗದ ಈ ಕಲ್ಲುನೆಲ ರೈತನಿಗೆ ಬೇಡವಾಯಿತು, ಕೋಟೆ ಕಟ್ಟುವವನಿಗೆ ಬೇಕಾಯಿತು. ಸೀತಾಫಲದ ಗಿಡ, ಕಕ್ಕೆ, ಬೇವು, ಕಾರೆಮುಳ್ಳು, ನವಿಲು ಉಳಿದುಕೊಂಡಿದ್ದು ಹಾಗೆ. ಆದ್ದರಿಂದ ಇಲ್ಲಿ ಗಿಡ ನೋಡಲು ಒಂದು ದಿನ, ಕೋಟೆ ನೋಡಲು ಇನ್ನೊಂದು ದಿನ ಎಂದು ಹಂಚಿಕೊಳ್ಳಬೇಡಿ. ಎರಡೂ ಒಂದೇ ಹತ್ತುವಿಕೆಯಲ್ಲಿ ಸಿಗುತ್ತವೆ.

ಮೊದಲು ಕಾಲದ ಮಾತು. ಮಾರ್ಚ್ ನಡುವಿನಿಂದ ಜೂನ್ ಮೊದಲ ಮಳೆಯವರೆಗೆ ಬರಬೇಡಿ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಇಲ್ಲಿನ ಬಂಡೆ ಸಂಜೆ ಏಳಕ್ಕೂ ಕಾಲು ಸುಡುತ್ತದೆ. ಮಳೆ ಹಿಡಿದ ಮೇಲೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಗುಡ್ಡ ಹಸಿರಾಗಿರುತ್ತದೆ, ಆದರೆ ಬಂಡೆ ಜಾರುತ್ತದೆ. ಸೀತಾಫಲದ ಬುಟ್ಟಿಗಳು ರಸ್ತೆ ಬದಿಗೆ ಬರುವ ಅಕ್ಟೋಬರ್‌ನಿಂದ ಹಿಡಿದು ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಹಕ್ಕಿ ನೋಡುವ ಆಸೆಯಿದ್ದರೆ ಡಿಸೆಂಬರ್, ಜನವರಿ.

ಯಾದಗಿರಿಗೆ ಬರುವುದು ಸುಲಭ. ಮುಂಬೈ–ಚೆನ್ನೈ ಮಾರ್ಗದಲ್ಲಿ ವಾಡಿಗೂ ರಾಯಚೂರಿಗೂ ನಡುವಿನ ನಿಲ್ದಾಣವಿದು. ರಾತ್ರಿ ರೈಲಿಗೆ ಬಂದಿಳಿದವರು ಕೋಣೆಯಲ್ಲಿ ಮೈ ಚೆಲ್ಲದೆ, ಚಹಾ ಕುಡಿದು ನೇರ ಕೋಟೆಗೆ ಹೋಗುವುದು ಲೇಸು. ಕೋಟೆ ಊರೊಳಗೇ ಇದೆ, ಆಟೊ ಸಾಕು. ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು ಒಬ್ಬರಾದ ಮೇಲೊಬ್ಬರು ಆಳಿದ ನೆಲೆಯಾದ್ದರಿಂದ ಗೋಡೆಯ ಒಂದೊಂದು ಭಾಗದ ಕಟ್ಟಡ ಒಂದೊಂದು ಬಗೆ. ಮೇಲೆ ಫಿರಂಗಿಗಳಿವೆ, ಭುವನೇಶ್ವರಿ ದೇವಿಯ ಗುಡಿಯಿದೆ. ಮಳೆನೀರು ಹಿಡಿದಿಡುವ ಹೊಂಡಗಳನ್ನು ಮಾತ್ರ ನಿಂತು ನೋಡಿ. ಮುತ್ತಿಗೆ ಬಿದ್ದಾಗ ಕೋಟೆ ಎಷ್ಟು ದಿನ ತಡೆದೀತು ಎಂಬುದು ಗೋಡೆಯ ದಪ್ಪಕ್ಕಿಂತ ಹೆಚ್ಚಾಗಿ ಇವುಗಳ ಮೇಲೆ ನಿಂತಿತ್ತು. ಈಗಲೂ ಗುಡ್ಡದ ಹಕ್ಕಿ, ಓತಿಕ್ಯಾತ, ಮಂಗಗಳು ಸೇರುವುದು ಇವುಗಳ ಸುತ್ತಲೇ. ಹತ್ತಿ ಇಳಿಯಲು ಎರಡು ತಾಸು ಇಟ್ಟುಕೊಳ್ಳಿ. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಮಂಗಗಳು ಕೇಳಿ ಇಸಿದುಕೊಳ್ಳುವ ಜಾತಿಯಲ್ಲ. ಮಕ್ಕಳು ಜೊತೆಗಿದ್ದು ಹತ್ತಲಾಗದಿದ್ದರೆ ಊರಲ್ಲಿ ಲುಂಬಿನಿ ಉದ್ಯಾನವಿದೆ. ಸಂಜೆ ಕೂರಲು ಅಡ್ಡಿಯಿಲ್ಲ, ಅದಕ್ಕೆಂದೇ ಬರಬೇಕಾದ್ದೇನೂ ಅಲ್ಲ.

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರ್. ಊರು ದಾಟುತ್ತಲೇ ಭೀಮಾ ನದಿ, ಮುಂದೆ ದೋರನಹಳ್ಳಿ. ಬರದ ಸೀಮೆ ಎಂದುಕೊಂಡು ಬಂದವರಿಗೆ ದಾರಿಯ ಭತ್ತದ ಗದ್ದೆ ಕಂಡು ಅಚ್ಚರಿಯಾಗುತ್ತದೆ. ಅದು ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಬಂದ ಕೃಷ್ಣೆಯ ನೀರಿನ ಫಲ.

ಶಹಾಪುರದ ಹೆಸರು ಹೊರಗಿನವರಿಗೆ ಗೊತ್ತಿರುವುದು ‘ಮಲಗಿದ ಬುದ್ಧ’ನಿಂದ. ಗುಡ್ಡಗಳ ಸಾಲು ಒಂದಕ್ಕೊಂದು ಕೂಡಿ, ಅಂಗಾತ ಮಲಗಿದ ಮನುಷ್ಯನ ಹಣೆ, ಮೂಗು, ಗದ್ದ, ಎದೆಯ ಗೆರೆ ಮೂಡಿದೆ. ಇದು ಯಾರೂ ಕೆತ್ತಿದ್ದಲ್ಲ. ಗುಡ್ಡ ಹತ್ತಿ ಬುದ್ಧನನ್ನು ಹುಡುಕುವವರು ಹಲವರಿದ್ದಾರೆ. ಹತ್ತಿದರೆ ಸಿಗುವುದು ಬರೀ ಬಂಡೆ. ಊರಿನಿಂದ ದೂರ ಸರಿದು ಬಯಲಿನ ರಸ್ತೆಯಿಂದ ನೋಡಬೇಕು, ಅದೂ ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ. ಎಲ್ಲಿ ನಿಲ್ಲಬೇಕೆಂದು ಯಾವ ಚಹಾದಂಗಡಿಯಲ್ಲಿ ಕೇಳಿದರೂ ಬೆರಳು ಮಾಡಿ ತೋರಿಸುತ್ತಾರೆ. ಗುಡ್ಡದ ಬುಡದ ಚರಬಸವೇಶ್ವರ ಗದ್ದುಗೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಮೇಲಿನ ಹಳೆಯ ಕೋಟೆಗೆ ಹೋಗುವುದಾದರೆ ಊರಿನ ಹುಡುಗರೊಬ್ಬರನ್ನು ಕರೆದುಕೊಂಡೇ ಹೋಗಿ. ಮುಳ್ಳುಕಂಟಿಯಲ್ಲಿ ಕಾಲುದಾರಿ ತಪ್ಪುತ್ತದೆ, ಬಂಡೆಯ ಮರೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬೀಡಿ, ಸಿಗರೇಟು ಕೆಳಗೇ ಬಿಡಿ. ಒಣಹುಲ್ಲಿನ ಗುಡ್ಡಕ್ಕೆ ಒಂದು ಕಿಡಿ ಸಾಕು.

ಶಹಾಪುರದ ಹತ್ತಿರದ ವಿಭೂತಿಹಳ್ಳಿಯನ್ನು ನೋಡದೆ ಮುಂದೆ ಹೋಗುವವರೇ ಹೆಚ್ಚು. ಬಯಲಲ್ಲಿ ದಪ್ಪ ಗುಂಡುಗಳನ್ನು ಸಾಲುಸಾಲಾಗಿ, ಲೆಕ್ಕ ಹಾಕಿದಂತೆ ಇಟ್ಟಿದ್ದಾರೆ. ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಕೆಲಸ, ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ನಂಟಿದೆಯೇ ಎಂದು ಖಗೋಳ ಬಲ್ಲವರು ಬಂದು ಅಳೆದು ನೋಡಿದ್ದಾರೆ. ಏನೂ ಓದದೆ ಹೋದವರು ಐದು ನಿಮಿಷಕ್ಕೆ ‘ಇಷ್ಟೇನಾ’ ಎಂದು ತಿರುಗುತ್ತಾರೆ. ಸಾಲಿನ ಒಂದು ತುದಿಯಲ್ಲಿ ಕೂತು ಕಣ್ಣಿನ ಮಟ್ಟದಲ್ಲಿ ನೋಡಿ, ಆಗ ಗೆರೆ ಕಾಣುತ್ತದೆ.

ರಾತ್ರಿ ಸುರಪುರದಲ್ಲಿ ತಂಗಿ. ಶಹಾಪುರದಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್. ಒಂದೇ ದಿನ ಕೈಯಲ್ಲಿದ್ದರೆ ಉಳಿದೆರಡು ಊರು ಬಿಟ್ಟು ಇಲ್ಲಿಗೇ ಬನ್ನಿ ಎನ್ನುತ್ತೇನೆ. ಸುತ್ತ ಗುಡ್ಡ, ನಡುವೆ ಏರುತಗ್ಗಿನ ಓಣಿಗಳು, ನಾಯಕ ಅರಸರ ಅರಮನೆ, ವೇಣುಗೋಪಾಲಸ್ವಾಮಿ ಗುಡಿ. ಕೃಷ್ಣಾಷ್ಟಮಿಯ ಹೊತ್ತಿಗೆ ನಡೆಯುವ ಈ ಗುಡಿಯ ಜಾತ್ರೆಯಲ್ಲಿ ಎತ್ತರದ ಕಂಬ ಏರುವ ಹಾಲೋಕುಳಿ ನೋಡಲು ಸುತ್ತಲ ಹಳ್ಳಿಗಳೆಲ್ಲ ನೆರೆಯುತ್ತವೆ. ಆ ದಿನಗಳಲ್ಲಿ ಬರುವವರು ಕೋಣೆಯನ್ನು ಮೊದಲೇ ಹೇಳಿಟ್ಟುಕೊಳ್ಳಬೇಕು.

ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಬೆಳಗಿನಲ್ಲೇ ಹತ್ತಿ. ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಬರೆದ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಇಲ್ಲಿನ ಆಡಳಿತ ನೋಡಿಕೊಂಡ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರಿಗೆ ಪೋಷಕನಂತಿದ್ದ, ಅವರು ಅವನನ್ನು ‘ಅಪ್ಪ’ ಎನ್ನುತ್ತಿದ್ದರು. ಅದೇ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು, ಸೆರೆಯಾಗಿ, ಗುಂಡೇಟಿಗೆ ಜೀವ ಬಿಟ್ಟರು. ಮಂಜಿಲ್‌ನ ಅಂಗಳದಿಂದ ಕೆಳಗಿನ ಊರು ನೋಡುವಾಗ ಈ ಎರಡೂ ನೆನಪಿರಲಿ. ಟೇಲರ್‌ನನ್ನು ಬರೀ ಹೊಗಳುವ ಗೈಡುಗಳ ಮಾತು ಅರ್ಧ ಕಥೆ. ಕಟ್ಟಡದ ಒಳಗೆ ಹೋಗಬೇಕೆಂದರೆ ಅಲ್ಲಿನವರನ್ನು ಮೊದಲು ಕೇಳಿ.

ಮರುದಿನ ಬೋನಾಳ ಕೆರೆ. ಸುರಪುರದಿಂದ ಸುಮಾರು 10 ಕಿಲೋಮೀಟರ್. ಬಸ್ಸನ್ನು ನಂಬಿದರೆ ಹಕ್ಕಿಗಳ ಹೊತ್ತು ಮೀರುತ್ತದೆ, ಹಿಂದಿನ ರಾತ್ರಿಯೇ ಆಟೊದವರಿಗೆ ಹೇಳಿ ಸೂರ್ಯ ಮೂಡುವ ಮುಂಚೆ ಒಡ್ಡಿನ ಮೇಲಿರಿ. ನಾಯಕ ಅರಸರ ಕಾಲದ ಕೆರೆ, ಟೇಲರ್ ಅದನ್ನು ದೊಡ್ಡದು ಮಾಡಿಸಿದ ಎಂದು ಊರಿನವರು ಹೇಳುತ್ತಾರೆ. ಹೊಲಕ್ಕೆಂದು ಕಟ್ಟಿದ ನೀರು ಇಂದು ಪಕ್ಷಿಧಾಮ. ಕೆನ್ನೀಲಿ ಬಕ, ನೇರಳೆ ಜಂಬುಕೋಳಿ, ಬಿಳಿ ಕೆಂಬರಲು, ಕರಿ ಕೆಂಬರಲು, ನೀರುಕಾಗೆಗಳು ಕಾಣಸಿಗುತ್ತವೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಇವು ರಾತ್ರಿ ಹೊಲಗಳಲ್ಲಿ ಮೇದು ಬೆಳಕಾಗುವಾಗ ನೀರಿಗೆ ಮರಳುತ್ತವೆ, ಅದಕ್ಕೇ ನಸುಕಿನಲ್ಲಿ ಬನ್ನಿ ಎಂದಿದ್ದು. ದುರ್ಬೀನು ಇಲ್ಲದಿದ್ದರೆ ಅರ್ಧ ಹಕ್ಕಿಗಳು ಬರೀ ಚುಕ್ಕೆ. ಹತ್ತಿರದಿಂದ ಫೋಟೊ ತೆಗೆಯಲು ಆಪುಹುಲ್ಲಿನೊಳಗೆ ಇಳಿಯಬೇಡಿ. ಹಕ್ಕಿಯೂ ಏಳುತ್ತದೆ, ಕೆಸರಿನಲ್ಲಿ ಕಾಲೂ ಹೂಳುತ್ತದೆ. ಕೆರೆಯ ಬಳಿ ಊಟ ತಿಂಡಿ ಸಿಗುತ್ತದೆಂದು ನೆಚ್ಚಬೇಡಿ, ನೀರು ಜೊತೆಗಿರಲಿ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿ ಹಕ್ಕಿಗಳು ಬೇರೆ ಕಡೆ ಹೋಗುತ್ತವೆ, ಹೊರಡುವ ಮೊದಲು ಸುರಪುರದಲ್ಲಿ ಯಾರನ್ನಾದರೂ ವಿಚಾರಿಸಿ.

ಇತಿಹಾಸದ ಹುಚ್ಚಿದ್ದವರು ಸುರಪುರದ ಹತ್ತಿರದ ವಾಗಿನಗೇರಾಕ್ಕೂ ಹೋಗಿ ಬರಬಹುದು. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ್ ತಾನೇ ಸೈನ್ಯ ಕರೆತಂದು ಪಿಡ್ಡ ನಾಯಕರ ಈ ಕೋಟೆಗೆ ಮುತ್ತಿಗೆ ಹಾಕಿದ. ಅವನ ಬಾಳಿನ ಕೊನೆಯ ದಂಡಯಾತ್ರೆ ಅದು. ಕೋಟೆ ಕೈಗೆ ಸಿಕ್ಕಾಗ ನಾಯಕ ತಪ್ಪಿಸಿಕೊಂಡಾಗಿತ್ತು. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಹುಣಸಗಿ ಸೀಮೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದೆ ಕಲ್ಲಿನ ಕೈಕೊಡಲಿ ಮಾಡುತ್ತಿದ್ದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೋರಿಸಿತು. ಹೋದರೆ ಕಾಣುವುದು ಹೊಲವೇ, ತಿಳಿದವರು ಜೊತೆಗಿದ್ದರೆ ಮಾತ್ರ ಹೋಗಿ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. ಬೆಳಿಗ್ಗೆ ಸುಸಲಾ, ಮಿರ್ಚಿ. ಖಾರ ಕಡಿಮೆ ಬೇಕೆಂದರೆ ಮೊದಲೇ ಹೇಳಿ, ಹೇಳಿದರೂ ನಿಮ್ಮ ಲೆಕ್ಕದ ಕಡಿಮೆ ಇರುವುದಿಲ್ಲ. ಮರಳಲು ಯಾದಗಿರಿಗೇ ಬರಬೇಕೆಂದಿಲ್ಲ. ಸುರಪುರದಿಂದ ತಿಂಥಣಿಗೆ ಹೋಗಿ ಕೃಷ್ಣಾ ದಂಡೆಯ ಮೌನೇಶ್ವರನ ಗುಡಿ ನೋಡಿಕೊಂಡು, ಸೇತುವೆ ದಾಟಿ ಲಿಂಗಸುಗೂರು ದಾರಿ ಹಿಡಿದರೆ ದಕ್ಷಿಣದವರಿಗೆ ಸುತ್ತು ತಪ್ಪುತ್ತದೆ.