ಹಾಲು ಬಿಡುವ ಮೊದಲು ಮೊಸರು ಕಲಿಯಿರಿ

ಪ್ರಾಣಿಮೂಲದ್ದೆಲ್ಲವನ್ನೂ ಬಿಟ್ಟು ವೀಗನ್ ಆಗುತ್ತೇನೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಸೂಪರ್‌ಮಾರ್ಕೆಟ್‌ಗೆ. ಬಾದಾಮಿ ಪಾನೀಯ, ಓಟ್ಸ್ ಪಾನೀಯ, ಹಾಲಿಲ್ಲದ ಚೀಸ್, ತೋಫು ಅಂತ ತಿಂಗಳ ದಿನಸಿಯ ದುಡ್ಡು ಒಂದೇ ಸಲಕ್ಕೆ ಖಾಲಿ. ಎರಡು ವಾರ ಹೇಗೋ ನಡೆಯುತ್ತದೆ. ಆಮೇಲೊಂದು ದಿನ ಸಾರನ್ನ ಮುಗಿದು, ಕೊನೆಯ ಹಿಡಿ ಅನ್ನಕ್ಕೆ ಕಲಸಿಕೊಳ್ಳಲು ಏನೂ ಇಲ್ಲದಾಗ ಕೈ ತಾನಾಗಿ ಮೊಸರಿನ ಪಾತ್ರೆಗೆ ಹೋಗುತ್ತದೆ. ನಾನು ನೋಡಿದಂತೆ ಹೆಚ್ಚಿನವರು ಸೋಲುವುದು ಇಲ್ಲೇ. ಹಾಲಿಲ್ಲದ ಕಾಫಿ ರೂಢಿಯಾಗುತ್ತದೆ, ತುಪ್ಪವೂ ಮರೆತುಹೋಗುತ್ತದೆ, ಮೊಸರನ್ನ ಮಾತ್ರ ಬಿಡಲಾಗುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚಿನ ಜಾಗ ಮೊಸರಿಗೇ ಮೀಸಲು.

ಅದಕ್ಕೂ ಮುಂಚೆ, ಹೊಸದೇನನ್ನೂ ಕೊಳ್ಳದೆ ನಿಮ್ಮ ಮನೆಯ ಒಂದು ವಾರದ ಅಡುಗೆಯನ್ನು ಬರೆದಿಟ್ಟುಕೊಳ್ಳಿ. ಮುದ್ದೆ ಬಸ್ಸಾರು, ಜೋಳದ ರೊಟ್ಟಿ ಎಣ್ಣೆಗಾಯಿ, ನೀರುದೋಸೆ, ಇಡ್ಲಿ ಚಟ್ನಿ, ಪುಳಿಯೋಗರೆ, ಚಿತ್ರಾನ್ನ, ಹುರುಳಿ ಸಾರು: ಇವುಗಳಲ್ಲಿ ಯಾವುದಕ್ಕೂ ಹಾಲು ಬೇಕಿಲ್ಲ. ತುಪ್ಪ ಸೇರುವುದು ಒಗ್ಗರಣೆಯಲ್ಲಿ ಅಥವಾ ಬಡಿಸುವಾಗ. ಆ ಜಾಗಕ್ಕೆ ಕರಾವಳಿಯವರು ತೆಂಗಿನೆಣ್ಣೆ, ಉತ್ತರ ಕರ್ನಾಟಕದವರು ಶೇಂಗಾ ಎಣ್ಣೆ ಅಥವಾ ಕುಸುಬೆ ಎಣ್ಣೆ ತಂದುಕೊಂಡರೆ ಸಾಕು. ಪಾಯಸಕ್ಕೆ ಕಾಯಿಹಾಲು. ಬೇಳೆಯನ್ನು ಎರಡನೇ ಸಲ ಹಿಂಡಿದ ನೀರು ಹಾಲಿನಲ್ಲಿ ಬೇಯಿಸಿ, ಬೆಲ್ಲ ಕರಗಿ ಕುದಿದ ಮೇಲೆ ಒಲೆ ಆರಿಸಿ, ಮೊದಲ ಗಟ್ಟಿ ಹಾಲನ್ನು ಕೊನೆಗೆ ಸೇರಿಸಿ. ಗಟ್ಟಿ ಹಾಲನ್ನು ಕುದಿಸಿದರೆ ಒಡೆಯುತ್ತದೆ. ಕಾಫಿಗೆ ನನ್ನ ಸಲಹೆ ಕೊಡಗಿನವರ ಬೆಲ್ಲದ ಕಪ್ಪು ಕಾಫಿ. ಸೋಯಾ ಪಾನೀಯವೇ ಬೇಕೆಂದರೆ ಅದನ್ನು ಬೇರೆಯಾಗಿ ಬೆಚ್ಚಗೆ ಮಾಡಿ, ಡಿಕಾಕ್ಷನ್ನನ್ನು ನಿಧಾನವಾಗಿ ಅದಕ್ಕೆ ಬೆರೆಸಿ.

ಶೇಂಗಾ ಮೊಸರು

ಒಂದು ಬಟ್ಟಲು ಶೇಂಗಾವನ್ನು ಆರಿಸಿಕೊಳ್ಳಿ. ಮುರುಟಿದ, ಬಣ್ಣ ಕೆಟ್ಟ, ಬೂಸಲು ವಾಸನೆಯ ಕಾಳನ್ನು ಎಸೆದುಬಿಡಿ. ಇದರಲ್ಲಿ ಜಿಪುಣತನ ಬೇಡ. ಬೂಸಲು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಕುದಿಸಿದರೂ ಹೋಗುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಗ್ಗೆ ನೆನೆದ ನೀರು ಚೆಲ್ಲಿ, ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಮೊದಲು ಸ್ವಲ್ಪವೇ ನೀರು ಹಾಕಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ, ಆಮೇಲೆ ಒಟ್ಟು ಮೂರು ಬಟ್ಟಲು ನೀರಾಗುವಷ್ಟು ಬೆರೆಸಿ, ತೆಳು ಬಟ್ಟೆಯಲ್ಲಿ ಹಿಂಡಿ. ಚರಟವನ್ನು ರೊಟ್ಟಿ ಹಿಟ್ಟಿಗೋ ಪಲ್ಯಕ್ಕೋ ಸೇರಿಸಬಹುದು.

ಈ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕೈಬಿಡದೆ ತಿರುವುತ್ತ ಕುದಿಸಿ. ಬೇಗ ತಳ ಹಿಡಿಯುತ್ತದೆ, ನೊರೆ ಒಮ್ಮೆಲೇ ಉಕ್ಕುತ್ತದೆ. ಉಕ್ಕಿದ ತಕ್ಷಣ ಇಳಿಸುವವರೇ ಹೆಚ್ಚು. ಹಾಗೆ ಮಾಡಿದರೆ ಹಸಿ ಕಾಳಿನ ವಾಸನೆ ಉಳಿದು ಮೊಸರು ಬಾಯಿಗೆ ಸೇರುವುದಿಲ್ಲ. ಉರಿ ತಗ್ಗಿಸಿ ಇನ್ನೂ ಹತ್ತು ನಿಮಿಷ ಕುದಿಯಲಿ. ಇಳಿಸಿ ಉಗುರು ಬೆಚ್ಚಗಾಗಲು ಬಿಡಿ. ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲು ಆಗಬೇಕು.

ಹೆಪ್ಪಿಗೆ ಹಸಿ ಮೆಣಸಿನಕಾಯಿಯ ತೊಟ್ಟು. ಕಾಯಿಯನ್ನು ತೊಳೆದು ಒರೆಸಿ, ತೊಟ್ಟನ್ನು ಅದರ ಹಸಿರು ಟೋಪಿಯ ಸಮೇತ ಕಿತ್ತು, ಏಳೆಂಟು ತೊಟ್ಟುಗಳನ್ನು ಹಾಲಿನಲ್ಲಿ ಮುಳುಗಿಸಿ, ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಿ. ಮೆಣಸಿನಕಾಯಿ ಸೀಳಿ ಹಾಕಬೇಡಿ, ಮೊಸರು ಖಾರವಾಗುತ್ತದೆ. ಬೇಸಿಗೆಯ ಬಯಲುಸೀಮೆಯಲ್ಲಿ ಎಂಟು ಗಂಟೆ ಸಾಕಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಹನ್ನೆರಡು ಗಂಟೆ ದಾಟಿದರೂ ಆಶ್ಚರ್ಯವಿಲ್ಲ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ. ಹೀಗೆ ಆದ ಮೊದಲ ಮೊಸರು ಊಟಕ್ಕಲ್ಲ. ಅದು ತೆಳ್ಳಗಿರುತ್ತದೆ, ಮೆಣಸಿನಕಾಯಿಯ ಘಾಟು ಇರುತ್ತದೆ, ತಳದಲ್ಲಿ ನೀರು ಬೇರೆಯಾಗಿರುತ್ತದೆ. ಅದನ್ನೇ ಅನ್ನಕ್ಕೆ ಸುರಿದುಕೊಂಡು ಮುಖ ಹಿಂಡಿ, ‘ಶೇಂಗಾ ಮೊಸರು ನಮಗೆ ಆಗುವುದಿಲ್ಲ’ ಎಂದು ತೀರ್ಮಾನಿಸಿದ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಮೊದಲನೆಯದು ಬರೀ ಹೆಪ್ಪು. ತೊಟ್ಟುಗಳನ್ನು ತೆಗೆದು, ಮೇಲಿನ ಗಟ್ಟಿ ಭಾಗದ ಎರಡು ಚಮಚವನ್ನು ಹೊಸದಾಗಿ ಕಾಯಿಸಿ ಆರಿಸಿದ ಶೇಂಗಾ ಹಾಲಿಗೆ ಬೆರೆಸಿ ಹೆಪ್ಪು ಹಾಕಿ. ಎರಡನೆಯದು ಗಟ್ಟಿಯಾಗುತ್ತದೆ, ಘಾಟು ಇಳಿಯುತ್ತದೆ. ಮೂರನೆಯ ಸಲಕ್ಕೆ ಅದು ಊಟಕ್ಕೆ ಇಡುವ ಮೊಸರು. ಇನ್ನೂ ಗಟ್ಟಿ ಬೇಕಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ. ಅವಸರಕ್ಕೆ ‘ಒಂದೇ ಚಮಚ ತಾನೆ’ ಎಂದು ಹಸುವಿನ ಮೊಸರಿನ ಹೆಪ್ಪು ಹಾಕುವವರಿದ್ದಾರೆ. ತೊಟ್ಟಿನಿಂದಲೇ ಆಗುವ ಕೆಲಸಕ್ಕೆ ಅದು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಪ್ಪನ್ನು ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನಕ್ಕೊಮ್ಮೆ ಹೊಸದು ಮಾಡುತ್ತಿರಿ. ಗುಲಾಬಿ ಅಥವಾ ಕಪ್ಪು ಛಾಯೆ, ಲೋಳೆ, ಕೊಳೆತ ವಾಸನೆ ಕಂಡರೆ ರುಚಿ ನೋಡಲೂ ಹೋಗದೆ ಚೆಲ್ಲಿ, ತೊಟ್ಟಿನಿಂದ ಮತ್ತೆ ಶುರುಮಾಡಿ.

ಮೊಸರನ್ನಕ್ಕೆ ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ಶುಂಠಿ ಬಿದ್ದರೆ ಶೇಂಗಾದ ವಾಸನೆ ಗೊತ್ತೇ ಆಗುವುದಿಲ್ಲ. ತಂಬುಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ತಂಬುಳಿಯನ್ನು ಕುದಿಸುವುದಿಲ್ಲ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ, ಕಾಯಿ ರುಬ್ಬಿ ತರಕಾರಿಯೊಂದಿಗೆ ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೆ ಮೊಸರು ಕಡೆದು ಬೆರೆಸಿ. ಮನೆಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದ್ದರೆ ಈ ದಾರಿಯೇ ಬೇಡ.

ಪೊಟ್ಟಣ ಓದುವುದು

ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಹಾಲು, ತುಪ್ಪ, ಜೇನು ಇದ್ದರೂ ಆ ಚುಕ್ಕೆ ಇರುತ್ತದೆ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮ ತಂದಿದೆ. ಅದರ ಗುರುತು ಇಂಗ್ಲಿಷಿನ ವಿ ಅಕ್ಷರ ಮತ್ತು ಎಲೆ. ಆ ಗುರುತಿಲ್ಲದ ಮಾತ್ರಕ್ಕೆ ಹಾಲಿದೆ ಎಂದಲ್ಲ. ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲು ನೋಡಿ. ‘ಹಾಲು ಇದೆ’ ಎಂದಿದ್ದರೆ ಇದೆ. ‘ಇರಬಹುದು’ ಎಂದಿದ್ದರೆ ಅದೇ ಕಾರ್ಖಾನೆಯಲ್ಲಿ ಹಾಲಿನ ತಿನಿಸೂ ತಯಾರಾಗುತ್ತದೆ ಎಂದರ್ಥ, ತೀರ್ಮಾನ ನಿಮ್ಮದು. ಹಾಲು ಅಡಗಿರುವ ಹೆಸರುಗಳು: ವ್ಹೇ, ಕೇಸಿನೇಟ್, ಲ್ಯಾಕ್ಟೋಸ್, ಮಿಲ್ಕ್ ಸಾಲಿಡ್ಸ್. ಮಸಾಲೆ ಚಿಪ್ಸ್, ಬ್ರೆಡ್ಡು, ರಸ್ಕುಗಳಲ್ಲಿ ಇವು ಸಾಮಾನ್ಯ. ‘ನಾನ್ ಡೈರಿ’ ಎಂದು ಬರೆದ ಕ್ರೀಮರ್‌ನಲ್ಲೂ ಹಾಲಿನ ಪ್ರೋಟೀನಾದ ಸೋಡಿಯಂ ಕೇಸಿನೇಟ್ ಇರುವುದುಂಟು. ಸೇರ್ಪಡೆಗಳ ಸಂಖ್ಯೆಗಳನ್ನೂ ನೋಡಿ: ಐಎನ್‌ಎಸ್ 120 ಕೀಟದಿಂದ ತೆಗೆದ ಕೆಂಪು ಬಣ್ಣ, 901 ಜೇನುಮೇಣ, 904 ಅರಗು.

ವಿಟಮಿನ್ ಬಿ12 ವಿಷಯದಲ್ಲಿ ವಾದ ಮಾಡಬೇಡಿ. ಅಂಬಲಿ, ಇಡ್ಲಿ ಹಿಟ್ಟು, ಶೇಂಗಾ ಮೊಸರು ಯಾವುದನ್ನೂ ಅದಕ್ಕಾಗಿ ನಂಬುವಂತಿಲ್ಲ. ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಿ. ಮಕ್ಕಳು, ಗರ್ಭಿಣಿಯರು ಇದ್ದರಂತೂ ಮೊದಲು ವೈದ್ಯರು, ಆಮೇಲೆ ಅಡುಗೆ. ಸುಣ್ಣದಂಶಕ್ಕೆ ರಾಗಿ, ಎಳ್ಳು ಇವೆ. ವಿಟಮಿನ್ ಡಿ3 ಮಾತ್ರೆ ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕಲ್ಲುಹೂವಿನಿಂದ ಮಾಡಿದ್ದೂ ಸಿಗುತ್ತದೆ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿರಬಹುದು. ಆದರೆ ಆ ಕಾರಣಕ್ಕೆ ವೈದ್ಯರು ಕೊಟ್ಟ ಔಷಧಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ.

ಬಚ್ಚಲು, ದೇವರ ಕೋಣೆ

ಸೋಪಿನಲ್ಲಿ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಪ್ರಾಣಿಯ ಕೊಬ್ಬು, ‘ಪಾಮೇಟ್’ ಎಂದಿದ್ದರೆ ತಾಳೆ ಎಣ್ಣೆ. ಗ್ಲಿಸರಿನ್ ಎರಡರಿಂದಲೂ ಬರುತ್ತದೆ, ಕಂಪನಿಗೆ ಬರೆದು ಕೇಳಬೇಕು. ಲಿಪ್‌ಸ್ಟಿಕ್‌ನಲ್ಲಿ ಕಾರ್ಮೈನ್ ಅಥವಾ ಸಿಐ 75470, ಲಿಪ್ ಬಾಮ್‌ನಲ್ಲಿ ಜೇನುಮೇಣ, ಕ್ರೀಮಿನಲ್ಲಿ ಲ್ಯಾನೋಲಿನ್ ಹುಡುಕಿ. ಮೊಲದ ಗುರುತು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದಷ್ಟೇ ಹೇಳುತ್ತದೆ, ಒಳಗೆ ಜೇನುಮೇಣ ಇರಬಹುದು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಮಸಾಲ ಅಗರಬತ್ತಿಗೆ ಜೇನು ಬಳಸುವ ಪದ್ಧತಿ ಇದೆ, ಅಂಗಡಿಯಲ್ಲಿ ವಿಚಾರಿಸಿ. ನೆಲ ಒರೆಸುವ ‘ನೈಸರ್ಗಿಕ’ ದ್ರಾವಣಗಳಲ್ಲಿ ಗೋಮೂತ್ರ ಇರುತ್ತದೆಯೇ ನೋಡಿ. ಚ್ಯವನಪ್ರಾಶದಲ್ಲಿ ತುಪ್ಪ, ಜೇನು ಎರಡೂ ಇವೆ.

ಪಾತ್ರೆ ಬಟ್ಟೆಗೆ ಅಂಟುವಾಳ ಸಾಕು. ಬೀಜ ತೆಗೆದ ಹತ್ತು ಹನ್ನೆರಡು ಕಾಯಿ ರಾತ್ರಿ ನೆನೆಸಿ, ಬೆಳಗ್ಗೆ ಅದೇ ನೀರಿನಲ್ಲಿ ಕುದಿಸಿ, ಕಿವುಚಿ ಸೋಸಿ. ಮೂರು ನಾಲ್ಕು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ, ಹೆಚ್ಚು ದಿನ ಇಟ್ಟರೆ ಹುಳಿಯುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಉರಿ, ಮಕ್ಕಳ ಕೈಗೆ ಸಿಗದಂತೆ ಇಡಿ.